ಹೊಗೆ ಬಿಡದ ಎಂಜಿನ್: ಮಾಡೆಲ್ ರೈಲು ಪ್ರಶ್ನೋತ್ತರ

ಪ್ರಶ್ನೆ: ನನ್ನ ಓ ಗೇಜ್ (ಮಾಡೆಲ್ ರೈಲಿನ ಒಂದು ದೊಡ್ಡ ಅಳತೆ) ಉಗಿ ಎಂಜಿನ್‌ನ ಹೊಗೆ ಯೂನಿಟ್‌ನಲ್ಲಿ ಫ್ಯಾನ್ ತಿರುಗುವ ಸದ್ದು ಕೇಳುತ್ತದೆ, ಹೊಗೆ ಮಾತ್ರ ಇಲ್ಲ. ಎಣ್ಣೆ ಸಾಲದಿರಬಹುದೆಂದು ಮತ್ತಷ್ಟು ಹಾಕಿದೆ. ಈಗ ಚಕ್ರಗಳೂ ಜಾರುತ್ತಿವೆ. (ನ್ಯೂಜೆರ್ಸಿ)

ಉತ್ತರ: ಮೊದಲು ಎಣ್ಣೆ ಹಾಕುವುದನ್ನು ನಿಲ್ಲಿಸಿ. ಎಂಜಿನ್ನನ್ನು ತಲೆಕೆಳಗು ಮಾಡಿ, ಚಿಮಣಿಯ ಕೆಳಗೆ ಟಿಶ್ಯೂ ಹಾಸಿ ಒಂದು ರಾತ್ರಿ ಬಿಡಿ. ಸೋರಿದ ಎಣ್ಣೆ ಚಕ್ರದ ರಬ್ಬರ್ ಪಟ್ಟಿಗೆ ತಗಲಿರುವುದರಿಂದಲೇ ಜಾರುವಿಕೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಚಕ್ರ, ಹಳಿ ಎರಡನ್ನೂ ಒರೆಸಿ.

ಹೊಗೆ ಯೂನಿಟ್‌ನಲ್ಲಿ ಬತ್ತಿ ಹೀರಿದ ಎಣ್ಣೆಯನ್ನು ರೆಸಿಸ್ಟರ್ (ವಿದ್ಯುತ್ತಿನಿಂದ ಕಾಯುವ ಪುಟ್ಟ ಬಿಡಿಭಾಗ) ಹೊಗೆಯಾಗಿಸುತ್ತದೆ, ಫ್ಯಾನ್ ಅದನ್ನು ಚಿಮಣಿಯಿಂದ ಹೊರಗೆ ತಳ್ಳುತ್ತದೆ. ಫ್ಯಾನ್ ಸದ್ದು ಮಾಡುತ್ತದೆ ಎಂದ ಮಾತ್ರಕ್ಕೆ ಗಾಳಿ ಬರುತ್ತಿದೆ ಎಂದಲ್ಲ. ಚಿಮಣಿಯ ಮೇಲೆ ಟಿಶ್ಯೂ ಕಾಗದದ ತೆಳುವಾದ ಪಟ್ಟಿ ಹಿಡಿದು ನೋಡಿ. ಅದು ಅಲುಗದಿದ್ದರೆ ಒಂದೋ ಫ್ಯಾನಿನ ರೆಕ್ಕೆ ಮೋಟಾರಿನ ಕಡ್ಡಿಯ ಮೇಲೆ ಸಡಿಲಾಗಿ ಜಾರುತ್ತಿದೆ, ಇಲ್ಲವೇ ಎಣ್ಣೆ ಕುಡಿದು ಉಬ್ಬಿದ ಬತ್ತಿ ಗಾಳಿಯ ತೂತನ್ನು ಮುಚ್ಚಿದೆ. ನೀವು ಸುರಿದ ಎಣ್ಣೆಯನ್ನು ನೋಡಿದರೆ ಎರಡನೆಯದರ ಮೇಲೇ ನಮಗೆ ಅನುಮಾನ.

ಕಾಗದ ಅಲುಗಿದರೆ ಬಿಸಿಯ ಕಡೆ ನೋಡಬೇಕು. ವಿದ್ಯುತ್ ತೆಗೆದು, ಪೂರ್ತಿ ಆರಿದ ಮೇಲೆ ಮೇಲ್ಕವಚ ಬಿಚ್ಚಿ, ಹೊಗೆ ಯೂನಿಟ್‌ನ ಪ್ಲಗ್ಗನ್ನು ಸರ್ಕ್ಯೂಟ್ ಬೋರ್ಡಿನಿಂದ ಕಳಚಿ. ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು, ಮೊದಲು ಮೀಟರಿನ ಎರಡು ಕಡ್ಡಿಗಳನ್ನೂ ಒಂದಕ್ಕೊಂದು ಮುಟ್ಟಿಸಿ ಬಂದ ಅಂಕಿಯನ್ನು ನೆನಪಿಡಿ. ಅಳತೆಯಿಂದ ಅಷ್ಟನ್ನು ಕಳೆಯಬೇಕು. ಎಂಟಿಎಚ್ ಕಂಪನಿಯ, ಪ್ರೋಟೋ ಸೌಂಡ್ 2 ಎಂಬ ನಿಯಂತ್ರಣ ವ್ಯವಸ್ಥೆಯ ಎಂಜಿನ್‌ಗಳಲ್ಲಿ 16 ಓಮ್‌ನ ಎರಡು ರೆಸಿಸ್ಟರ್‌ಗಳು ಸಮಾನಾಂತರವಾಗಿರುತ್ತವೆ. ಮೀಟರ್ 8 ತೋರಿಸಿದರೆ ಸರಿ, 16 ತೋರಿಸಿದರೆ ಒಂದು ಸುಟ್ಟಿದೆ, ಅಳತೆಯೇ ಬಾರದಿದ್ದರೆ (‘OL’ ಅಥವಾ ಬರೀ ‘1’) ಎರಡೂ ಸುಟ್ಟಿವೆ ಅಥವಾ ತಂತಿ ಕಡಿದಿದೆ. ಲಯನೆಲ್ ಕಂಪನಿಯ ಈಚಿನ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಬೆಲೆಗಳು 8 ಮತ್ತು 27 ಓಮ್.

ರೆಸಿಸ್ಟರ್ ಸರಿಯಿದ್ದು ಗಾಳಿಯೂ ಬರುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಬತ್ತಿಯದೇ. ‘ಯೂನಿಟ್ ಸತ್ತಿದೆ’ ಎಂದು ಬರುವ ದೂರುಗಳಲ್ಲಿ ಹೆಚ್ಚಿನವು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ. ಮುಚ್ಚಳದ ಸ್ಕ್ರೂ ತೆಗೆದು, ಗ್ಯಾಸ್ಕೆಟ್ ಹರಿಯದಂತೆ ಎತ್ತಿ. ರೆಸಿಸ್ಟರಿನ ಕೆಳಗೆ ಬತ್ತಿ ಕಪ್ಪಗೆ, ಗಟ್ಟಿ ಸಿಪ್ಪೆಯಂತಾಗಿರುತ್ತದೆ. ಎಣ್ಣೆ ಒಣಗಿದ ಮೇಲೂ ಓಡಿಸಿದ್ದರ ಫಲ ಅದು. ಆ ಸಿಪ್ಪೆಯ ಮೂಲಕ ಎಣ್ಣೆ ಮೇಲೇರುವುದಿಲ್ಲ, ಹಾಗಾಗಿ ತೊಟ್ಟಿಯಲ್ಲಿ ಎಷ್ಟೇ ಎಣ್ಣೆ ಇದ್ದರೂ ರೆಸಿಸ್ಟರ್ ಒಣದಾಗಿಯೇ ಕಾಯುತ್ತದೆ. ಹಳೆಯದನ್ನು ಕಿತ್ತು ಹೊಸ ಗ್ಲಾಸ್ ಫೈಬರ್ ಬತ್ತಿ ಹಾಕಿ. ಅದು ಕೆಳಗಿನಿಂದ ರೆಸಿಸ್ಟರಿಗೆ ತಾಗುವಂತಿರಲಿ, ಆದರೆ ತುರುಕಬೇಡಿ. ಗಾಳಿಯ ತೂತಿನ ಸುತ್ತ ಖಾಲಿ ಬಿಡಿ. ಸಾದಾ ಹತ್ತಿ ಬೇಡ, ಅದು ಕರಕಲಾಗುತ್ತದೆ. ಗ್ಲಾಸ್ ಫೈಬರ್ ಮುಟ್ಟುವಾಗ ಕೈಗವಸು, ಮಾಸ್ಕ್ ಇರಲಿ. ಹೊಸ ಬತ್ತಿಗೆ 15ರಿಂದ 20 ಹನಿ ಹಾಕಿ, ಚಿಮಣಿಯೊಳಕ್ಕೆ ಮೆಲ್ಲಗೆ ಊದಿ ಗಾಳಿಗುಳ್ಳೆ ಬಿಡಿಸಿ. ಆಮೇಲೆ ಹೊಗೆ ತೆಳುವಾದಾಗ ಕೆಲವೇ ಹನಿ ಸಾಕು. ಎಣ್ಣೆ ಮುಗಿದರೆ ಸ್ವಿಚ್ ಆರಿಸಿ, ‘ಇನ್ನೊಂದು ಸುತ್ತು’ ಬೇಡ.

ಪ್ರಶ್ನೆ: ಸುಟ್ಟ ರೆಸಿಸ್ಟರ್ ಬದಲಿಸಿದೆ. ಕೈಯಲ್ಲಿ 8 ಓಮ್‌ನದಿತ್ತು, ಅದನ್ನೇ ಹಾಕಿದೆ. ಎರಡೇ ನಿಮಿಷದಲ್ಲಿ ಪ್ಲಾಸ್ಟಿಕ್ ಕರಗುವ ವಾಸನೆ ಬಂತು. (ಡಲ್ಲಾಸ್)

ಉತ್ತರ: ಹಳೆಯದು 27 ಓಮ್‌ನದಾಗಿದ್ದು, ಹಳಿಯ ವೋಲ್ಟೇಜನ್ನು ನೇರವಾಗಿ ಪಡೆಯುತ್ತಿತ್ತು ಎಂದು ಕಾಣುತ್ತದೆ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿ: 18 ವೋಲ್ಟಿನಲ್ಲಿ 27 ಓಮ್‌ಗೆ 12 ವ್ಯಾಟ್, 8 ಓಮ್‌ಗೆ 40 ವ್ಯಾಟ್. ಕರಗದೆ ಇನ್ನೇನು? 8 ಓಮ್‌ನದು ವೋಲ್ಟೇಜ್ ಇಳಿಸಿಕೊಡುವ ಬೋರ್ಡ್ ಇರುವ ಎಂಜಿನ್‌ಗಳಿಗೆ. ಅಲ್ಲಿಗೆ 27 ಹಾಕಿದರೆ ಅಪಾಯವಿಲ್ಲ, ಹೊಗೆಯೂ ಇಲ್ಲ.

ಹೊಸದನ್ನು ಕೂರಿಸುವಾಗ ಬಿಸಿ ತಾಳುವ ಗ್ಲಾಸ್ ಫೈಬರ್ ಕೊಳವೆಯನ್ನು ಅದರ ಎರಡೂ ಕಾಲಿಗೆ ತೊಡಿಸಿ. ಕಾಲು ಲೋಹದ ತೊಟ್ಟಿಗೆ ತಾಗಿದರೆ ಶಾರ್ಟ್ ಆಗಿ ಬೋರ್ಡೇ ಹೋಗುತ್ತದೆ. ಬೆಸುಗೆಯನ್ನು ರೆಸಿಸ್ಟರಿನ ಮೈಗೆ ಒತ್ತಿ ಮಾಡಬೇಡಿ. ಕಾಲನ್ನು ಉದ್ದ ಬಿಟ್ಟು ತೊಟ್ಟಿಯ ಹೊರಗೆ ಮಾಡಿ, ಇಲ್ಲದಿದ್ದರೆ ಓಡುವಾಗ ಬೆಸುಗೆಯೇ ಮೆತ್ತಗಾಗಿ ಬಿಡುತ್ತದೆ.

ಪ್ರಶ್ನೆ: ಮಾವನವರಿಂದ ಬಂದ 1940ರ ದಶಕದ ಲಯನೆಲ್ ಎಂಜಿನ್ ಇದೆ. ಹೊಗೆಯ ಎಣ್ಣೆ ಹಾಕಬಹುದೇ? (ಟೊರಾಂಟೊ)

ಉತ್ತರ: ಯಾವ ವರ್ಷದ್ದೆಂದು ಮೊದಲು ತಿಳಿಯಿರಿ. 1946ರಲ್ಲಿ ಲಯನೆಲ್ ಹೊಗೆಗೆ ವಿಶೇಷ ಬಲ್ಬ್ ಬಳಸಿತು. ಅದರ ನೆತ್ತಿಯ ಕುಳಿಯಲ್ಲಿ ಹೊಗೆಗೆಂದೇ ಮಾಡಿದ ಮಾತ್ರೆ ಕರಗಿ ಹೊಗೆಯಾಗುತ್ತಿತ್ತು. ಅದಕ್ಕೆ ಎಣ್ಣೆ ಹಾಕಬೇಡಿ. 1947ರಿಂದ ಬಂದವುಗಳಲ್ಲಿ ನೈಕ್ರೋಮ್ ತಂತಿಯ ಹೀಟರ್ ಇದೆ, ಚಕ್ರದ ಜೊತೆ ಏರಿಳಿಯುವ ಪಿಸ್ಟನ್ ಗಾಳಿ ತಳ್ಳುತ್ತದೆ. ಇವೂ ಮಾತ್ರೆಗೆಂದೇ ಮಾಡಿದವು. ಒಳಗೆ ಗ್ಲಾಸ್ ಫೈಬರ್ ಬತ್ತಿ ಇಟ್ಟರೆ ನಾಲ್ಕಾರು ಹನಿ ಎಣ್ಣೆಯಲ್ಲಿ ನಡೆಯುತ್ತವೆ. ಪಿಸ್ಟನ್ ಆಡುತ್ತಿದ್ದರೂ ಬುಸುಬುಸು ಬಾರದಿದ್ದರೆ, ಪಿಸ್ಟನ್ ಕೋಣೆಗೂ ಹೊಗೆ ಕೋಣೆಗೂ ನಡುವಿನ ತೂತು ಹಳೆಯ ಮಾತ್ರೆಯ ಕಿಟ್ಟದಿಂದ ಕಟ್ಟಿರುತ್ತದೆ. ಸೂಜಿಯಿಂದ ಬಿಡಿಸಿ. ನೈಕ್ರೋಮ್ ತಂತಿ ಕಡಿದಿದ್ದರೆ ಸಾದಾ ಬೆಸುಗೆ ಹಿಡಿಯುವುದಿಲ್ಲ. ಹಿತ್ತಾಳೆಯ ಪುಟ್ಟ ಕೊಳವೆಯಲ್ಲಿ ಸೇರಿಸಿ ಇಕ್ಕಳದಿಂದ ಒತ್ತಬೇಕು. ಅಷ್ಟು ಹಳೆಯ ಯಂತ್ರದಲ್ಲಿ ನಾರಿನಂಥದ್ದೇನಾದರೂ ಕಂಡರೆ ಆಸ್ಬೆಸ್ಟಾಸ್ ಎಂದೇ ಎಣಿಸಿ. ಒಣಗಿದ್ದಾಗ ಕೆರೆಯಬೇಡಿ, ಊದಬೇಡಿ.

ಪ್ರಶ್ನೆ: ನನ್ನ ಎಚ್‌ಒ (ಓ ಗೇಜಿನ ಸುಮಾರು ಅರ್ಧ ಅಳತೆಯ) ಎಂಜಿನ್‌ನಲ್ಲಿ ಜರ್ಮನಿಯ ಜೋಯ್ಟೆ (Seuthe) ಕಂಪನಿಯ ಮಾದರಿಯ ಪುಟ್ಟ ಹೊಗೆ ಕೊಳವೆ ಇದೆ. ಎಣ್ಣೆ ತುಂಬಿದ ಕೂಡಲೇ ಹೊಗೆ ನಿಂತಿತು. ತಂತಿಯಿಂದ ತೂತು ಬಿಡಿಸಲೇ? (ಮ್ಯೂನಿಕ್)

ಉತ್ತರ: ಬೇಡವೇ ಬೇಡ. ಒಳಗಿನ ಹೀಟರ್ ತಂತಿ ಕೂದಲೆಳೆಯಷ್ಟು ಸಣ್ಣದು, ಒಂದು ಚುಚ್ಚಿಗೆ ಕಡಿಯುತ್ತದೆ. ಕಡಿದರೆ ರಿಪೇರಿ ಇಲ್ಲ, ಕೊಳವೆಯನ್ನೇ ಬದಲಿಸಬೇಕು. ನಡುವಿನ ಸಣ್ಣ ನಳಿಕೆಯಲ್ಲಿ ಎಣ್ಣೆ ಕಾದು ಮೇಲಕ್ಕೆ ಚಿಮ್ಮುವುದೇ ಇದರ ಹೊಗೆ. ಕಂಠದವರೆಗೆ ತುಂಬಿದರೆ ನಳಿಕೆ ಮುಳುಗುತ್ತದೆ. ಸಿರಿಂಜಿನಿಂದ ಎಣ್ಣೆ ಎಳೆದು ಅರ್ಧಕ್ಕೆ ಇಳಿಸಿ, ಬೆರಳಿನಿಂದ ಎರಡು ಸಲ ತಟ್ಟಿ.

ಆಗಲೂ ಬಾರದಿದ್ದರೆ ಕೊಳವೆಯನ್ನು ಹೊರತೆಗೆದು ಓಮ್ ಅಳೆಯಿರಿ. ಅದರ ಮೇಲೆ 16 ವೋಲ್ಟ್, 0.16 ಆಂಪಿಯರ್ ಎಂದಿದ್ದರೆ ಸುಮಾರು 100 ಓಮ್ ಬರಬೇಕು. ಅಳತೆ ಸರಿಯಿದ್ದರೆ ಸಂಪರ್ಕ ನೋಡಿ: ಮೆರ್ಕ್ಲಿನ್ ಕಂಪನಿಯ ಎಂಜಿನ್‌ಗಳಲ್ಲಿ ಕೊಳವೆಯ ಅಡಿಯ ತಂತಿ ಒಂದು ಸ್ಪ್ರಿಂಗ್ ಪಟ್ಟಿಗೆ ತಾಗುತ್ತದೆ, ಕೊಳವೆಯ ಲೋಹದ ಮೈ ಎಂಜಿನ್‌ನ ಮೈಗೆ. ಅಲ್ಲಿ ಎಣ್ಣೆಯ ಜಿಡ್ಡು ಕೂತರೂ ವಿದ್ಯುತ್ ಹರಿಯುವುದಿಲ್ಲ. ಅನಲಾಗ್ ಹಳಿಯಲ್ಲಿ (ವೋಲ್ಟೇಜ್ ಏರಿಳಿಸಿಯೇ ವೇಗ ಬದಲಿಸುವಂಥದ್ದು) ನಿಧಾನ ಓಡಿಸಿದರೆ ವೋಲ್ಟೇಜ್ ಕಡಿಮೆ, ಹೊಗೆಯೂ ಕಡಿಮೆ, ಅದು ದೋಷವಲ್ಲ. ಡಿಕೋಡರ್ (ಡಿಜಿಟಲ್ ಆಜ್ಞೆ ಓದುವ, ಎಂಜಿನ್ನೊಳಗಿನ ಪುಟ್ಟ ಬೋರ್ಡ್) ಇದ್ದರೆ, ಹೊಗೆ, ದೀಪದಂಥವಕ್ಕೆ ವಿದ್ಯುತ್ ಕೊಡುವ ಅದರ ಫಂಕ್ಷನ್ ಔಟ್‌ಪುಟ್ ಎಷ್ಟು ಮಿಲಿ ಆಂಪಿಯರ್ ತಾಳುತ್ತದೆಂದು ಕೈಪಿಡಿಯಲ್ಲಿ ನೋಡಿಯೇ ಜೋಡಿಸಿ.

ಪ್ರಶ್ನೆ: ಹೊಗೆ ಎಣ್ಣೆ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ತೆಂಗಿನೆಣ್ಣೆ, ಸೀಮೆಎಣ್ಣೆ, ಮದುವೆ ಮನೆಯ ಫಾಗ್ ಮೆಷಿನ್ ದ್ರವ, ಇವುಗಳಲ್ಲಿ ಯಾವುದಾದರೂ ನಡೆದೀತೇ? (ಬೆಂಗಳೂರು)

ಉತ್ತರ: ಮೂರೂ ಬೇಡ. ತೆಂಗಿನೆಣ್ಣೆ ಕಾದು ಅಂಟಾಗಿ ಬತ್ತಿಯನ್ನು ಕಟ್ಟುತ್ತದೆ, ಚಳಿಯ ಬೆಳಿಗ್ಗೆ ಹೆಪ್ಪೂ ಗಟ್ಟುತ್ತದೆ. ಸೀಮೆಎಣ್ಣೆಯ ಆವಿ ಕಡಿಮೆ ಬಿಸಿಗೇ ಹೊತ್ತಿಕೊಳ್ಳುವಂಥದ್ದು, ಕೆಂಪಗೆ ಕಾಯಬಲ್ಲ ತಂತಿಯ ಪಕ್ಕ ಅದನ್ನಿಡುವುದು ಹುಚ್ಚುತನ. ಫಾಗ್ ಮೆಷಿನ್ ದ್ರವದಲ್ಲಿ ನೀರು ಇರುತ್ತದೆ, ತಂತಿ ಮತ್ತು ಸಂಪರ್ಕಗಳು ತುಕ್ಕು ಹಿಡಿಯುತ್ತವೆ. ಮಾಡೆಲ್ ರೈಲಿಗೆಂದೇ ಮಾಡಿದ ಎಣ್ಣೆಯ ಒಂದು ಸಣ್ಣ ಬಾಟಲಿಯನ್ನು ಎಂಜಿನ್ ಅಥವಾ ಹಳಿಗಳ ಜೊತೆಯಲ್ಲೇ ತರಿಸಿಕೊಳ್ಳಿ. ಹನಿ ಲೆಕ್ಕದಲ್ಲಿ ಬಳಸುವುದರಿಂದ ಬಹಳ ದಿನ ಬರುತ್ತದೆ. ಬಾಟಲಿ ಮಕ್ಕಳ ಕೈಗೆ ಸಿಗದಿರಲಿ. ಓಡಿಸುವಾಗ ಕಿಟಕಿ ತೆರೆದಿಡಿ, ಮನೆಯಲ್ಲಿ ಯಾರಿಗಾದರೂ ಆಸ್ತಮಾ ಇದ್ದರೆ ಹೊಗೆಯ ಸ್ವಿಚ್ಚನ್ನು ಆರಿಸಿಯೇ ಓಡಿಸಿ.