ತಲೆಯ ಗಾಯಕ್ಕೆ ಬೆನ್ನಿನ ಸ್ನಾಯು ಯಾಕೆ?

ಓದುಗರೊಬ್ಬರು ಬರೆದಿದ್ದಾರೆ: "ಅಪ್ಪನ ನೆತ್ತಿಯ ಮೇಲಿದ್ದ ಚರ್ಮದ ಕ್ಯಾನ್ಸರ್ ತೆಗೆದಿದ್ದಾರೆ. ಅಂಗೈ ಅಗಲದ ಗಾಯ, ಮೂಳೆ ಕಾಣುತ್ತೆ. ಹೊಲಿಗೆ ಹಾಕದೆ ಡ್ರೆಸ್ಸಿಂಗ್ ಮಾಡಿ ಬಿಟ್ಟಿದ್ದಾರೆ. ಈಗ ಬೆನ್ನಿನಿಂದ ಸ್ನಾಯು ತೆಗೆದು ಹಾಕಬೇಕು ಅಂತಾರೆ. ತೊಡೆಯ ಚರ್ಮ ಅಂಟಿಸಿದರೆ ಸಾಲದಾ? ಕೂದಲು ಮತ್ತೆ ಬರುತ್ತಾ?"

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಗಾಯ ಮುಚ್ಚದೆ ಬಿಟ್ಟದ್ದು ಉದಾಸೀನ ಇರಲಿಕ್ಕಿಲ್ಲ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲ ಎಂದು ಪೆಥಾಲಜಿ ರಿಪೋರ್ಟ್ ಬರುವ ತನಕ ಕಾಯುವುದು ಎಷ್ಟೋ ಸಲ ಜಾಣತನ. ಮುಚ್ಚಿದ ಮೇಲೆ ಅಂಚಿನಲ್ಲಿ ಉಳಿದಿದೆ ಅಂತ ಗೊತ್ತಾದರೆ ಎಲ್ಲವನ್ನೂ ಬಿಚ್ಚಬೇಕು.

ಬರೀ ಹೊಲಿಗೆ ಯಾಕೆ ಸಾಲದು? ಹೊಟ್ಟೆಯ ಚರ್ಮ ಹಿಡಿದೆಳೆದರೆ ಕೈಗೆ ಬರುತ್ತದೆ, ನೆತ್ತಿಯದು ಬರೋದಿಲ್ಲ. ಅದರಡಿ ಗೇಲಿಯಾ ಎಂಬ ಗಟ್ಟಿ ಪದರ ಇದೆ, ಅದು ಹಿಗ್ಗುವುದಿಲ್ಲ. ಹಾಗಾಗಿ ಸುಮಾರು 3 ಸೆಂಟಿಮೀಟರ್ ಒಳಗಿನ ಗಾಯವನ್ನಷ್ಟೇ ನೇರವಾಗಿ ಹೊಲಿಯಲು ಆಗುತ್ತದೆ. ಅದಕ್ಕಿಂತ ದೊಡ್ಡದಾದರೆ ಪಕ್ಕದ ಚರ್ಮವನ್ನು ರಕ್ತನಾಳದ ಸಮೇತ ಬಿಡಿಸಿ ತಿರುಗಿಸಿ ತರುತ್ತಾರೆ. ಇದೇ ಫ್ಲ್ಯಾಪ್. ಕೂದಲಿರುವ ಚರ್ಮವೇ ಬರುವುದರಿಂದ ನೋಡೋಕೂ ಚೆನ್ನ. ಆದರೆ ಅಂಗೈ ಅಗಲದ ಜಾಗ ತುಂಬುವಷ್ಟು ಚರ್ಮ ಅಕ್ಕಪಕ್ಕ ಸಿಗೋದು ಕಷ್ಟ.

ಇನ್ನು ತೊಡೆಯ ಚರ್ಮ. ಗಾಯ ಎಷ್ಟು ದೊಡ್ಡದು ಎನ್ನುವುದಕ್ಕಿಂತ ತಳದಲ್ಲಿ ಏನು ಉಳಿದಿದೆ ಎನ್ನುವುದೇ ಇಲ್ಲಿ ಮುಖ್ಯ. ತೆಳುವಾಗಿ ಕೆರೆದು ತೆಗೆದ ಚರ್ಮಕ್ಕೆ ಸ್ವಂತ ರಕ್ತನಾಳ ಇರುವುದಿಲ್ಲ. ಇಟ್ಟ ಜಾಗದಿಂದಲೇ ಅದಕ್ಕೆ ರಕ್ತ ಸಿಗಬೇಕು. ಮೂಳೆಯ ಮೇಲಿನ ಪೆರಿಕ್ರೇನಿಯಂ ಎಂಬ ತೆಳುಪೊರೆ ಉಳಿದಿದ್ದರೆ ಚರ್ಮ ಹಿಡಿಯುತ್ತದೆ. ಬರೀ ಮೂಳೆಯ ಮೇಲೆ ಇಟ್ಟರೆ ಕಪ್ಪಗಾಗಿ ಒಣಗಿ ಉದುರುತ್ತದೆ. ಕ್ಯಾನ್ಸರ್ ಆಳಕ್ಕೆ ಇಳಿದಿದ್ದರೆ ಆ ಪೊರೆಯನ್ನೂ ತೆಗೆಯಬೇಕಾಗುತ್ತದೆ. ನಿಮ್ಮ ತಂದೆಯವರಿಗೆ ಆಗಿರುವುದು ಅದೇ ಅನಿಸುತ್ತದೆ.

ಅದಕ್ಕೇ ಬೆನ್ನಿನ ಸ್ನಾಯು. ಅದು ಅಗಲ, ಚಪ್ಪಟೆ, ತಲೆಬುರುಡೆಯ ಉಬ್ಬಿಗೆ ಚೆನ್ನಾಗಿ ಒಗ್ಗುತ್ತದೆ. ಅದರ ರಕ್ತನಾಳಗಳನ್ನು ಕಿವಿಯ ಮುಂದೆ ಹಾದುಹೋಗುವ ನಾಳಗಳಿಗೆ ಮೈಕ್ರೋಸ್ಕೋಪ್ ಕೆಳಗೆ, ಕೂದಲಿಗಿಂತ ಸಣ್ಣ ದಾರದಲ್ಲಿ ಜೋಡಿಸುತ್ತಾರೆ. ಮೇಲೆ ತೊಡೆಯ ಚರ್ಮ ಹೊದಿಸುತ್ತಾರೆ. ಅಂದರೆ ನೀವು ಕೇಳಿದ್ದೂ ಇದರಲ್ಲಿದೆ. ಆಪರೇಷನ್ನಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಆಮೇಲೆ ಮೊದಲ ಒಂದೆರಡು ದಿನ ನರ್ಸ್ ಪದೇ ಪದೇ ಬಂದು ಬಣ್ಣ ನೋಡುತ್ತಾರೆ, ಡಾಪ್ಲರ್ ಎಂಬ ಸಣ್ಣ ಉಪಕರಣ ಇಟ್ಟು ರಕ್ತ ಹರಿಯುವ ಸದ್ದು ಕೇಳುತ್ತಾರೆ. ರಾತ್ರಿಯೂ ಎಬ್ಬಿಸುತ್ತಾರೆ, ಬೇಜಾರು ಮಾಡ್ಕೋಬೇಡಿ. ರಕ್ತ ಕಟ್ಟಿಕೊಂಡರೆ ಬೇಗ ಗೊತ್ತಾಗಬೇಕು, ಆಗಲೇ ಸ್ನಾಯು ಉಳಿಸಿಕೊಳ್ಳಬಹುದು.

ತಂದೆಯವರ ಹೃದಯ, ಶ್ವಾಸಕೋಶ ಅಷ್ಟು ಹೊತ್ತಿನ ಅರಿವಳಿಕೆ ತಡೆಯದು ಅಂತಾದರೆ ಬೇರೆ ದಾರಿಯೂ ಇದೆ. ಮೂಳೆಯ ಹೊರಪದರವನ್ನು ಡ್ರಿಲ್ಲಿನಿಂದ ತುಸು ತರಿದು ರಕ್ತ ಜಿನುಗುವಂತೆ ಮಾಡಿ, ಕೃತಕ ಚರ್ಮದ ಹಾಳೆ ಹಾಕಿ, ಕೆಲವು ವಾರ ಕಾದು ಆಮೇಲೆ ಚರ್ಮ ಹಚ್ಚುವುದು. ಆಪರೇಷನ್ ಸಣ್ಣದು, ಡ್ರೆಸ್ಸಿಂಗ್ ಜಾಸ್ತಿ. ಆದರೆ ಮುಂದೆ ರೇಡಿಯೇಷನ್ ಕೊಡುವುದಿದ್ದರೆ ಇಂಥ ತೆಳು ಹೊದಿಕೆ ಒಡೆಯುವ ಭಯ ಇರುತ್ತದೆ, ಅಲ್ಲಿ ಸ್ನಾಯುವೇ ವಾಸಿ. ಆದ್ದರಿಂದ ರೇಡಿಯೇಷನ್ ಬೇಕಾಗುತ್ತಾ ಎನ್ನುವುದನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿ. ತಂದೆಯವರು ಸಿಗರೇಟು ಸೇದುತ್ತಿದ್ದರೆ ಇವತ್ತೇ ಬಿಡಿಸಿ.

ಕೂದಲು? ಹೊಸ ಚರ್ಮದ ಮೇಲೆ ಬರುವುದಿಲ್ಲ. ಉಳಿದ ನೆತ್ತಿಯ ಅಡಿ ಬಲೂನಿನಂಥ ಚೀಲ ಇಟ್ಟು ವಾರವಾರ ಸಲೈನ್ ತುಂಬಿ, ಕೂದಲಿರುವ ಚರ್ಮವನ್ನೇ ಹಿಗ್ಗಿಸುವ ವಿಧಾನ ಇದೆ. ಅದೇನಿದ್ದರೂ ಕ್ಯಾನ್ಸರ್ ಮರುಕಳಿಸಿಲ್ಲ ಎಂದು ಖಾತ್ರಿಯಾದ ಮೇಲೆ ಯೋಚಿಸುವ ಮಾತು. ಸದ್ಯಕ್ಕೆ ಒಂದು ಟೋಪಿ ಸಾಕು. ಬಿಸಿಲಿಗೂ ಅದು ಬೇಕೇ ಬೇಕು.