ಐಬಿನಾ, ಪಿಯು ಸೈನ್ಸಾ? ಮೊದಲು ಗಣಿತದ ಸಾಲು ನೋಡಿ

ಮಗನನ್ನು ಬೆಂಗಳೂರಿನ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಪಿಯು ಬದಲಿಗೆ ಓದೋ ಎರಡು ವರ್ಷದ ಅಂತರರಾಷ್ಟ್ರೀಯ ಕೋರ್ಸು) ಶಾಲೆಗೆ ಹಾಕೋದೋ, ಹುಬ್ಬಳ್ಳಿಯಲ್ಲೇ ಪಿಯು ಸೈನ್ಸ್ ಓದಿಸೋದೋ ಅಂತ ಕೇಳಿದ್ದೀರಿ. "ಐಬಿ ಮಾಡಿದರೆ ಡಾಕ್ಟರ್, ಎಂಜಿನಿಯರ್, ಫಾರಿನ್ನು ಎಲ್ಲ ಬಾಗಿಲೂ ತೆರೆದಿರುತ್ತವಂತೆ" ಅಂತಲೂ ಬರೆದಿದ್ದೀರಿ. 2022ರಲ್ಲಿ ನಮ್ಮಪ್ಪ ಧಾರವಾಡದ ಮನೆ ಕಟ್ಟೆ ಮೇಲೆ ಕೂತು ಕಾಕಾನಿಗೆ ಹೇಳಿದ್ದು ಇದೇ ಮಾತು. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದಿತ್ತು, ಅಷ್ಟೇ. ಮಳೆ ಹಿಡಿಯೋ ಹೊತ್ತಿಗೆ ನಾನು ಟ್ರಂಕ್ ಸಮೇತ ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದೆ. ಫೀಸಿಗೆ ನವಲೂರಿನ ಕಡೆ ಇದ್ದ ಒಂದು ಸೈಟು ಹೋಯಿತು.

ಮೊದಲ ವಾರ ಒಂದು ಹಾಳೆ ಕೊಟ್ಟರು. ಆರು ವಿಷಯ ಆರಿಸಬೇಕು. ಮೂರು ಹೈಯರ್ ಲೆವೆಲ್, ಮೂರು ಸ್ಟ್ಯಾಂಡರ್ಡ್. ಒಂದೊಂದಕ್ಕೆ 7 ಪಾಯಿಂಟ್, ಮೇಲೆ 3, ಒಟ್ಟು 45. ಗಣಿತದ ಸಾಲಿನಲ್ಲಿ ಎರಡು ಹೆಸರಿದ್ದವು: 'ಅನಾಲಿಸಿಸ್ ಆಂಡ್ ಅಪ್ರೋಚಸ್', 'ಅಪ್ಲಿಕೇಶನ್ಸ್ ಆಂಡ್ ಇಂಟರ್‌ಪ್ರಿಟೇಶನ್'. ಹುಡುಗರ ಬಾಯಲ್ಲಿ ಎಎ ಮತ್ತು ಎಐ. ನಾನು ಎಐಗೆ ಟಿಕ್ ಹಾಕಿದೆ, ಅದೂ ಸ್ಟ್ಯಾಂಡರ್ಡ್ ಲೆವೆಲ್‌ಗೆ.

ಯಾಕೆ ಅಂದ್ರೆ ಗಣಿತದಲ್ಲಿ 74 ಬಂದಿತ್ತು, ಹೆದರಿಕೆ. ಸೀನಿಯರ್ ಒಬ್ಬ "ಇದರಲ್ಲಿ 7 ಗ್ಯಾರಂಟಿ" ಅಂದ. ಹೆಸರಲ್ಲೇ ಅಪ್ಲಿಕೇಶನ್ ಇದೆ, ಎಂಜಿನಿಯರಿಂಗ್‌ಗೆ ಇದೇ ಹತ್ತಿರ ಇರಬೇಕು ಅಂತ ನಾನೂ ಅಂದುಕೊಂಡೆ. ಅಪ್ಪನಿಗೆ ಫೋನ್ ಮಾಡಿದರೆ "ಗಣಿತ ಐತಲ್ಲ, ಸಾಕು ಬಿಡು" ಅಂದರು. ಶಾಲೆಯ ಕೌನ್ಸೆಲರ್ ಹಾಳೆ ತಗೊಂಡು ಸುಮ್ನೆ ಫೈಲಿಗೆ ಸೇರಿಸಿದರು.

ಬಿಡಿಸಿ ಹೇಳ್ತೀನಿ, ನನಗೆ ಯಾರೂ ಹೇಳಿರಲಿಲ್ಲ. ಎಎಯಲ್ಲಿ ಮೊದಲ ಪೇಪರಿಗೆ ಕ್ಯಾಲ್ಕುಲೇಟರ್ ಇಲ್ಲ. ಎಐನಲ್ಲಿ ಎಲ್ಲ ಪೇಪರಿಗೂ ಗ್ರಾಫಿಕ್ ಕ್ಯಾಲ್ಕುಲೇಟರ್ ಉಂಟು. ಎಐ ಸ್ಟ್ಯಾಂಡರ್ಡ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಜಾಸ್ತಿ. ಮ್ಯಾಟ್ರಿಕ್ಸ್, ವೆಕ್ಟರ್, ಕಾಂಪ್ಲೆಕ್ಸ್ ನಂಬರ್ ಇಲ್ಲವೇ ಇಲ್ಲ. ಇಂಟಿಗ್ರೇಶನ್ ಶಾಸ್ತ್ರಕ್ಕಷ್ಟೇ. ಪಿಯು ಗಣಿತದಿಂದ ಇವನ್ನೆಲ್ಲ ತೆಗೆದರೆ ಉಳಿಯೋದೇನು ಹೇಳಿ? ಬದಲಿಗೆ ವೊರೊನಾಯ್ ನಕ್ಷೆ ಕಲಿತೆ. ಊರಿನ ಯಾವ ಭಾಗಕ್ಕೆ ಯಾವ ಆಸ್ಪತ್ರೆ ಹತ್ತಿರ ಅಂತ ಗೆರೆ ಎಳೆಯೋದು. ಹುಬ್ಬಳ್ಳಿ-ಧಾರವಾಡದ ಆಸ್ಪತ್ರೆಗಳನ್ನೇ ಇಟ್ಟುಕೊಂಡು ಎಳೆದೆ. ನವನಗರ ಯಾರ ಪಾಲಿಗೆ ಬರುತ್ತೆ ಅಂತ ನೋಡೋಕೆ ಮಜಾ ಇತ್ತು. 7 ಕೂಡ ಬಂತು.

ಎರಡನೇ ವರ್ಷ ಹೊರದೇಶದ ಎಂಜಿನಿಯರಿಂಗ್ ಪಟ್ಟಿ ಮಾಡಲು ಕೂತಾಗ ಗೊತ್ತಾಯಿತು. ನಾನು ನೋಡಿದ ಬಹುತೇಕ ಕಡೆ ಎಎ ಕೇಳಿದ್ದರು, ಕೆಲವು ಕಡೆ ಹೈಯರ್ ಲೆವೆಲ್ಲೇ ಬೇಕು. ಬದಲಾಯಿಸಿ ಅಂತ ಕೇಳಿದೆ. ಅಷ್ಟೊತ್ತಿಗೆ ತಡವಾಗಿತ್ತು.

2024ರಲ್ಲಿ 36 ಪಾಯಿಂಟ್ ತಗೊಂಡು ಊರಿಗೆ ಬಂದೆ. ಪಕ್ಕದ ಮನೆಯವರು "ನೂರಕ್ಕ 36 ಏನು?" ಅಂದರು. ಐಬಿ ರಿಸಲ್ಟ್ ಬಂದಿದ್ದು ಜುಲೈನಲ್ಲಿ, ಆ ವರ್ಷದ ಸಿಇಟಿ ಏಪ್ರಿಲ್‌ನಲ್ಲೇ ಮುಗಿದಿತ್ತು. ಒಂದು ವರ್ಷ ಸಪ್ತಾಪುರದ ರೂಮಿನಲ್ಲಿ ಪಿಯು ಗಣಿತದ ಪುಸ್ತಕವನ್ನು ಮೊದಲ ಪುಟದಿಂದ ಹಿಡಿದೆ. ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ. ಮೊದಲ ಮಾಕ್ ಟೆಸ್ಟ್‌ನಲ್ಲಿ ಬಲಗೈ ತಾನಾಗಿ ಟೇಬಲ್ ಮೇಲೆ ಕ್ಯಾಲ್ಕುಲೇಟರ್ ಹುಡುಕಿತು. ಸರಿ ಬಂದಿದ್ದು 11. ಮರುವರ್ಷ ಹುಬ್ಬಳ್ಳಿಯಲ್ಲೇ ಸೀಟು ಸಿಕ್ಕಿತು, ಈಗ ದಿನಾ ಚಿಗರಿ ಬಸ್ಸು. ಧಾರವಾಡದಲ್ಲೇ ಪಿಯು ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ಓದಿದ ಕಾಕಾನ ಮಗಳು ಅದೇ ಕಾಲೇಜಿನಲ್ಲಿ ನನಗೆ ಒಂದು ವರ್ಷ ಸೀನಿಯರ್. ಕ್ಯಾಂಟೀನಲ್ಲಿ ಸಿಕ್ಕರೆ "ಫಾರಿನ್ ರಿಟರ್ನ್" ಅಂತಾಳೆ.

ಆದ್ದರಿಂದ ನಿಮ್ಮ 'ಎಲ್ಲ ಬಾಗಿಲು' ಮಾತು ನಾನು ಒಪ್ಪಲ್ಲ. ಐಬಿಯಲ್ಲಿ ಆರ್ಟ್ಸ್ ಜಾಗ ಬಿಟ್ಟುಕೊಟ್ಟರೆ ಎರಡು ಸೈನ್ಸ್ ಸಿಗುತ್ತವೆ, ಮೂರನೆಯದು ಸಾಮಾನ್ಯವಾಗಿ ಕೂರಲ್ಲ. ನೀಟ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು. ನೀಟ್‌ಗೂ ಸಿಇಟಿಗೂ ಒಟ್ಟಿಗೆ ದಾರಿ ಬಿಡೋದು ಪಿಯು ಪಿಸಿಎಂಬಿ. ಮಗ ಏನಾಗಬೇಕು ಅಂತ ಇನ್ನೂ ಗೊತ್ತಿಲ್ಲದಿದ್ದರೆ ಪಿಯುಗೆ ಹಾಕಿ. ಹೊರಗೇ ಓದಿಸೋದು ಖಂಡಿತ, ಡಿಗ್ರಿಗೂ ದುಡ್ಡು ತೆಗೆದಿಟ್ಟಿದ್ದೀರಿ ಅಂದ್ರೆ ಮಾತ್ರ ಐಬಿ. ಎರಡು ವರ್ಷದ ಫೀಸಿಗೇ ಸೈಟು ಮಾರಬೇಕಾದೋರಿಗೆ ಐಬಿ ಬೇಡ.

ಐಬಿಯಿಂದ ಏನೂ ಸಿಗಲಿಲ್ಲ ಅಂತಲ್ಲ. ನಮ್ಮೂರಿನ 24 ತಾಸು ನೀರಿನ ಯೋಜನೆ ಬಗ್ಗೆ 4000 ಪದಗಳ ಪ್ರಬಂಧ ಬರೆದೆ. ಕೆಲವು ವಾರ್ಡಿಗೆ ಹಗಲೂ ರಾತ್ರಿ ನೀರು, ನಮ್ಮನೆ ನಲ್ಲಿಗೆ ವಾರಕ್ಕೊಮ್ಮೆ ಯಾಕೆ ಅಂತ. ಹಾಗೆ ಹುಡುಕಿ ಬರೆಯೋದನ್ನು ಪಿಯುನಲ್ಲಿ ಯಾರೂ ಕಲಿಸುತ್ತಿರಲಿಲ್ಲ. ನೀರಂತೂ ಈಗಲೂ ವಾರಕ್ಕೊಮ್ಮೆಯೇ.

ಇಷ್ಟಾದ ಮೇಲೂ ಐಬಿಗೇ ಸೇರಿಸಿದರೆ, ವಿಷಯ ಆರಿಸೋ ಆ ಹಾಳೆ ಕೊಡೋ ಮೊದಲು ಫೋಟೋ ತೆಗೆದು ಇಲ್ಲಿ ಹಾಕಿ, ನೋಡ್ತೀನಿ. ಗ್ರಾಫಿಕ್ ಕ್ಯಾಲ್ಕುಲೇಟರ್ ಹೊಸದು ಕೊಳ್ಳಬೇಡಿ. ನಂದು ಡ್ರಾಯರ್‌ನಲ್ಲಿದೆ, ಸೆಲ್ ಹಾಕಿದರೆ ನಡೆಯುತ್ತೆ.