ಔಷಧದಂಗಡಿ ಕಿಟಕಿ: ಶುಕ್ರವಾರದ ಮಾತ್ರೆ ಶುಕ್ರವಾರಕ್ಕೇ

ಪ್ರಶ್ನೆ: ನಮ್ಮತ್ತೆಗೆ 62 ವರ್ಷ. ಬೆರಳ ಗಂಟುಗಳೆಲ್ಲ ಊದಿಕೊಂಡಿವೆ. ಮೈಸೂರಿನ ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ 15 ಮಿ.ಗ್ರಾಂ., ಜೊತೆಗೆ ಫೋಲಿಕ್ ಆಸಿಡ್ ಬರೆದಿದ್ದಾರೆ. ಶುರು ಮಾಡಿ ಮೂರು ವಾರ. ಈ ಮಳೆಗೆ ನೋವು ಜಾಸ್ತಿ, ‘ದಿನಾ ಒಂದು ನುಂಗಿದರೇನು’ ಅನ್ನುತ್ತಾರೆ. ಮಾತ್ರೆ ತೆಗೆದುಕೊಡುವವಳು ನಾನು. ನನಗೀಗ ಮೂರು ತಿಂಗಳು. ಕೈಲ್‌ಪೊಳ್ದ್ ಹಬ್ಬಕ್ಕೆ ಅವರು ಮನೆ ವೈನ್ ಕುಡಿಯಬಹುದೇ?
– ಓದುಗರು, ನಾಪೋಕ್ಲು

ಉತ್ತರ: ದಿನಾ ಕೂಡದು. ವಿರಾಜಪೇಟೆಯಲ್ಲಿ ಔಷಧದಂಗಡಿ ಇಟ್ಟಿದ್ದಷ್ಟು ಕಾಲ ನನಗೆ ಅತಿ ಹೆಚ್ಚು ಭಯವಿದ್ದದ್ದು ಈ ಮಾತ್ರೆಯ ಮೇಲೆಯೇ. ವಾರದ್ದನ್ನು ದಿನಾ ನುಂಗಿದರೆ ಮೂಳೆಯ ಮಜ್ಜೆ ರಕ್ತಕಣ ಮಾಡುವುದನ್ನೇ ನಿಲ್ಲಿಸಬಹುದು; ಹಾಗೆ ಜನ ಸತ್ತಿದ್ದಾರೆ. ಇದು ನೋವಿನ ಮಾತ್ರೆ ಅಲ್ಲವೇ ಅಲ್ಲ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗಿನ ನೋವಿಗೆ ಏನು ಕೊಡಬೇಕೆಂದು ಡಾಕ್ಟರನ್ನೇ ಕೇಳಿ. ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ತಂದು ನುಂಗಿಸಬೇಡಿ, ಕಿಡ್ನಿಗೆ ಹೊರೆ.

ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ಸೋಮವಾರ ಬೇಡ, ಚೀಟಿಯಲ್ಲಿ ‘ಮನ್’ ಅಂತ ಬರೆದದ್ದನ್ನು ‘ಮಾರ್ನಿಂಗ್’ ಎಂದು ಓದಿ ದಿನಾ ಬೆಳಿಗ್ಗೆ ಕೊಟ್ಟ ಪ್ರಸಂಗಗಳಿವೆ. ಮಡಿಕೇರಿ ಸಂತೆಯ ಶುಕ್ರವಾರವಾದರೆ ಮರೆಯೋದು ಕಷ್ಟ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ನುಂಗಿದ ಮೇಲೆ ಅಡ್ಡಗೆರೆ ಎಳೆಯಿರಿ. ಮರೆತರೆ ಎರಡು ದಿನದೊಳಗೆ ಕೊಡಬಹುದು. ಅದೂ ದಾಟಿದರೆ ಆ ವಾರ ಬಿಟ್ಟುಬಿಡಿ. ಮುಂದಿನ ವಾರ ಎರಡು ವಾರದ್ದು ಸೇರಿಸಿ ಕೊಡಬಾರದು.

ಈಗ ಮೆಥೊಟ್ರೆಕ್ಸೇಟ್, ಫೋಲಿಕ್ ಆಸಿಡ್ ಎರಡೂ ಸ್ಟ್ರಿಪ್ ಎದುರಿಗಿಟ್ಟು ನೋಡಿ. ಎಷ್ಟೋ ಕಂಪನಿಗಳಲ್ಲಿ ಎರಡೂ ಚಿಕ್ಕವು, ಎರಡೂ ಹಳದಿ. ಕರೆಂಟು ಹೋದ ರಾತ್ರಿ ಟಾರ್ಚ್ ಬೆಳಕಿನಲ್ಲಿ ಗುರುತು ಹತ್ತುವುದಿಲ್ಲ. ಆದ್ದರಿಂದ ಬೇರೆ ಬೇರೆ ಡಬ್ಬಿ. ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಇಡಬೇಡಿ, ನಮ್ಮ ಮಳೆಗಾಲದ ಥಂಡಿಗೆ ಹಾಳಾಗುತ್ತದೆ. ಪ್ರತಿ ಸಲ ಮಿಲಿಗ್ರಾಂ ಓದಿ: 2.5ರ ಆರು ಮಾತ್ರೆ ಎಂದರೆ 15. ಅಂಗಡಿಯವನು 10ರದ್ದು ಕೊಟ್ಟು, ನೀವು ಅಭ್ಯಾಸಬಲದಿಂದ ಆರೇ ಕೊಟ್ಟರೆ 60!

ಇನ್ನು ನೀವು. ಈ ಔಷಧ ಗರ್ಭಕ್ಕೆ ಆಗದು. ಮಾತ್ರೆ ತೆಗೆಯುವ ಕೆಲಸ ಯಜಮಾನರಿಗೆ ವಹಿಸಿ. ಇದುವರೆಗೆ ಇಡೀ ಮಾತ್ರೆ ಮುಟ್ಟಿದ್ದಕ್ಕೆ ಗಾಬರಿ ಬೇಡ, ನಿಮ್ಮ ಡಾಕ್ಟರಿಗೆ ಹೇಳಿದರೆ ಸಾಕು. ಮುರಿಯುವುದು, ಪುಡಿ ಮಾಡುವುದು ಮಾತ್ರ ಯಾರಿಗೂ ಬೇಡ.

ಬಾಯಿಹುಣ್ಣು, ಜ್ವರ, ಒಣಕೆಮ್ಮು, ಏದುಸಿರು, ಚರ್ಮದ ಮೇಲೆ ಕಂದುಗಲೆ ಕಂಡರೆ ಮುಂದಿನ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರಿಗೆ ತೋರಿಸಿ. ವಾಂತಿಭೇದಿ ಹತ್ತಿಕೊಂಡರೂ ಕೇಳದೆ ಕೊಡಬೇಡಿ. ತಪ್ಪಿ ಹೆಚ್ಚು ನುಂಗಿದ್ದರೆ ಲಕ್ಷಣಕ್ಕೆ ಕಾಯದೆ ಸ್ಟ್ರಿಪ್ ಸಮೇತ ಮಡಿಕೇರಿಯ ದೊಡ್ಡಾಸ್ಪತ್ರೆಗೆ ಹೋಗಿ. ಅದಕ್ಕೆ ಫೋಲಿನಿಕ್ ಆಸಿಡ್ (ಮನೆಯಲ್ಲಿರುವ ಫೋಲಿಕ್ ಅಲ್ಲ) ಎಂಬ ಮದ್ದಿದೆ, ತಡವಾದಷ್ಟೂ ಫಲ ಕಡಿಮೆ. ಉರಿಮೂತ್ರಕ್ಕೆ ಬೇರೆ ಡಾಕ್ಟರು ಕೋಟ್ರೈಮೊಕ್ಸಜೋಲ್ ಎಂಬ ಆಂಟಿಬಯಾಟಿಕ್ ಬರೆಯಹೊರಟರೆ ಮೆಥೊಟ್ರೆಕ್ಸೇಟ್ ಹೆಸರು ಹೇಳಿ. ಎರಡೂ ಸೇರಿದರೆ ಅಪಾಯ.

ವೈನಿನ ವಿಷಯ: ಮಾತ್ರೆ, ವೈನು ಎರಡರ ಹೊರೆಯೂ ಲಿವರಿನ ಮೇಲೆಯೇ. ಶುರುವಿನಲ್ಲಿ ಎರಡು-ನಾಲ್ಕು ವಾರಕ್ಕೊಮ್ಮೆ ರಕ್ತಪರೀಕ್ಷೆ ಆಗಲೇಬೇಕು, ಘಾಟಿಯಲ್ಲಿ ಮಣ್ಣು ಕುಸಿಯುವ ದಿನಗಳನ್ನು ಲೆಕ್ಕ ಹಾಕಿ ಮೊದಲೇ ಮಾಡಿಸಿಬಿಡಿ. ಡಾಕ್ಟರು ವರದಿ ನೋಡಿ ಒಪ್ಪುವವರೆಗೆ ಗ್ಲಾಸು ಮುಟ್ಟದಿರಲಿ. ಕಡಂಬುಟ್ಟು, ಪಂದಿಕರಿಗೆ ನನ್ನ ಅಡ್ಡಿಯಿಲ್ಲ.